ಮೈಸೂರಿಗೊಬ್ಬ, ಧಾರವಾಡಕ್ಕೊಬ್ಬ

ನಾನು ಬಿ.ಎಸ್ಸಿ. ಮುಗಿಸಿದ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಗಣಿತದ ಮೇಲೆ ಪ್ರೀತಿ ಉಕ್ಕಿತು. ಅಲ್ಲಿಯವರೆಗೆ ನನ್ನ ಗಣಿತ ಯಾರಿಗೂ ಬೇಕಿರಲಿಲ್ಲ. ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ. ಶಿಫ್ಟ್ ಮುಗಿಸಿ ಬಂದಾಗ ನಾನು ಲೆಕ್ಕ ಬಿಡಿಸುತ್ತ ಕೂತಿದ್ದರೆ ಊಟ ಆಯ್ತಾ ಎಂದಷ್ಟೇ ಕೇಳುತ್ತಿದ್ದ. ಅವ್ವನ ಪ್ರಕಾರ ಅದು ಬೆರಳಿಗೆ ಮಸಿ ಮೆತ್ತಿಕೊಳ್ಳುವ ಒಂದು ಚಟ. ಅಂಥವರು ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ತಟ್ಟೆಯ ಮುಂದೆ ಕೂತು, ಯಾವ ಊರಿನ ವಿಶ್ವವಿದ್ಯಾಲಯದಲ್ಲಿ ಗಣಿತ ಚೆನ್ನಾಗಿ ಕಲಿಸುತ್ತಾರೆ ಎಂದು ವಾದಕ್ಕೆ ಇಳಿದರು. ಅಪ್ಪ ಮೈಸೂರು ಎಂದರೆ ಅವ್ವ ಧಾರವಾಡ ಎನ್ನುವಳು. ಮೈಸೂರಿನ ಗಣಿತ ಬಹಳ ಹಳೇದು, ಗಟ್ಟಿ ಎಂದು ಅಪ್ಪ ಹೇಳಿದರೆ, ಧಾರವಾಡದ ನೀರಿಗೆ ಗಣಿತ ತಲೆಗೆ ಬೇಗ ಹತ್ತುತ್ತದೆ ಎಂದು ಅವ್ವ ಸಾರಿನ ಸೌಟು ಹಿಡಿದೇ ಉತ್ತರ ಕೊಡುವಳು.

ಇದರ ಒಳಗುಟ್ಟು ನಮ್ಮ ಬೀದಿಯ ನಾಯಿಗೂ ಗೊತ್ತಿತ್ತು. ಮೈಸೂರಿನಲ್ಲಿ ಅಪ್ಪನ ಅಕ್ಕ ಇದ್ದಳು, ಅವಳಿಗೊಬ್ಬ ಮಗ. ಧಾರವಾಡದಲ್ಲಿ ಅವ್ವನ ಅಣ್ಣ ಇದ್ದ, ಅವನಿಗೂ ಒಬ್ಬ ಮಗ. ಸೋದರತ್ತೆಯ ಮಗನಿಗೋ ಸೋದರಮಾವನ ಮಗನಿಗೋ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಹೆಣ್ಣು ಕೇಳುವ ಮೊದಲ ಹಕ್ಕು ಅವರದೇ. ಊರಲ್ಲಿ ಸ್ವಂತ ಬಂಧುಗಳ ಮನೆ ಇರುವಾಗ ಹುಡುಗಿ ಹಾಸ್ಟೆಲಿನಲ್ಲಿ ಉಂಡರೆ ಆ ಮನೆಯವರ ಮುಖಕ್ಕೆ ಹೊಡೆದಂತೆ. ಆ ಮನೆಯಲ್ಲೇ ಇದ್ದು ಎರಡು ವರ್ಷ ಉಂಡಳೋ, ಅವಳು ಆ ಮನೆಯ ಸೊಸೆ ಎಂದೇ ಲೆಕ್ಕ. ಅಂದರೆ ನಾನು ಎಂ.ಎಸ್ಸಿ.ಗೆ ಯಾವ ಊರು ಎಂದು ಬಾಯಿ ಬಿಟ್ಟರೆ ಸಾಕು, ಗಂಡು ಯಾರು ಎಂದು ಹೇಳಿದ ಹಾಗೆ ಆಗುತ್ತಿತ್ತು. ಎರಡು ವಿಶ್ವವಿದ್ಯಾಲಯ, ಎರಡಕ್ಕೂ ಒಬ್ಬೊಬ್ಬ ವರ ಅಂಟಿಕೊಂಡಿದ್ದ.

ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಹುಡುಗರ ಮೇಲೆ ನನ್ನದೇನೂ ದೂರಿರಲಿಲ್ಲ, ಇಬ್ಬರೂ ಒಳ್ಳೆಯವರೇ. ಆದರೆ ನನಗೆ ಬೇಕಾಗಿದ್ದು ಗಣಿತ. ಅದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನನ್ನ ತಟ್ಟೆಗೆ ಬಡಿಸುತ್ತಿದ್ದರು. ಅವ್ವನ ಕಥೆ ನನಗೆ ಗೊತ್ತಿತ್ತು. ಅವಳು ನಮ್ಮೂರ ಹೊಳೆಯ ಆಚೆ, ರಾಣೆಬೆನ್ನೂರು ಕಡೆಯ ಹಳ್ಳಿಯವಳು. ಏಳನೆಯ ಕ್ಲಾಸಿನಲ್ಲಿ ಒಂದು ದಿನ ಶಾಲೆಯಿಂದ ಮನೆಗೆ ಬಂದರೆ ನಮ್ಮ ಅಪ್ಪನ ಕಡೆಯವರು ಕೂತಿದ್ದರಂತೆ. ಪಾಟಿಚೀಲ ಇಳಿಸುವಷ್ಟರಲ್ಲಿ ತಲೆಗೆ ಹೂ ಮುಡಿಸಿದರಂತೆ. ಹೂ ಮುಡಿಸಿದರೆ ಹೆಣ್ಣು ಗೊತ್ತಾದಂತೆ, ಮರುದಿನದಿಂದ ಶಾಲೆ ಇಲ್ಲ. ಇದನ್ನು ಅವ್ವ ಯಾವಾಗಲೂ ನಗುತ್ತ ಹೇಳುತ್ತಿದ್ದಳು. ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಮನೆಯಲ್ಲಿ ಯಾರನ್ನು ಕೇಳಿದರೂ ಪ್ರಯೋಜನವಿಲ್ಲ ಎಂದು ನಾನು ಓದಿದ ದಾವಣಗೆರೆಯ ಕಾಲೇಜಿಗೆ ಹೋಗಿ ನಮ್ಮ ಗಣಿತದ ಮೇಷ್ಟ್ರನ್ನು ಕಂಡೆ. ರಜೆ, ಕಾಲೇಜು ಬಿಕೋ ಎನ್ನುತ್ತಿತ್ತು. ಮೇಷ್ಟ್ರು ಎರಡೂ ಕಡೆಯ ಪಠ್ಯಕ್ರಮವನ್ನು ನನ್ನ ಮುಂದಿಟ್ಟು, ಎರಡೂ ಒಳ್ಳೆಯ ಜಾಗಗಳೇ, ನಿನಗೆ ಯಾವುದನ್ನು ಓದಬೇಕೆನಿಸುತ್ತದೆ ನೋಡು ಅಂದರು. ಧಾರವಾಡದ ಪಟ್ಟಿಯಲ್ಲಿ ನಾನು ಕಂಡು ಕೇಳದ ಒಂದು ಹೆಸರಿತ್ತು: ಗ್ರಾಫ್ ಥಿಯರಿ. ಇದೇನು ಸರ್ ಎಂದೆ. ಅವರು ಎದ್ದು ಖಾಲಿ ಕ್ಲಾಸಿನ ಬೋರ್ಡಿಗೆ ಹೋಗಿ ಕೆಲವು ಚುಕ್ಕಿ ಇಟ್ಟು, ಇದು ದಾವಣಗೆರೆ, ಇದು ಹರಿಹರ, ಇದು ಶಾಮನೂರು, ಇದು ಭಾನುವಳ್ಳಿ, ಇದು ಕೊಕ್ಕನೂರು ಎಂದು ಹೆಸರಿಟ್ಟು, ತಮಗೆ ತೋಚಿದಂತೆ ನಡುವೆ ರಸ್ತೆಗಳನ್ನು ಎಳೆದರು. ಹೋದ ರಸ್ತೆಯಲ್ಲಿ ಮತ್ತೆ ಹೋಗದೆ, ಒಂದೂ ಬಿಡದೆ, ಎಲ್ಲ ರಸ್ತೆ ತಿರುಗಿ ಮುಗಿಸಬಹುದೇ ಎಂದು ಕೇಳಿದರು. ನಾನು ಬೆರಳಿನಲ್ಲಿ ಗೆರೆಗಳ ಮೇಲೆ ಓಡಾಡಿದೆ. ಆಗಲಿಲ್ಲ. ಯಾಕೆ ಆಗುವುದಿಲ್ಲ, ಅದನ್ನು ಹೇಳಬೇಕು ಎಂದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

“ಈ ಸಬ್ಜೆಕ್ಟ್ ನಾವು ಓದೋವಾಗ ಇರಲಿಲ್ಲಮ್ಮ. ಮೊದಲ ಪಾಠ ಬಿಟ್ರೆ ನನಗೂ ಗೊತ್ತಿಲ್ಲ. ನೀನು ಕಲಿತರೆ ಬಂದು ನನಗೂ ಹೇಳಿಕೊಡು.”

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ಚುಕ್ಕಿಗಳನ್ನೇ ಜಗ್ಗಾಡಿದೆ. ಒಂದು ಊರಿಗೆ ಒಂದು ರಸ್ತೆಯಲ್ಲಿ ಬಂದವರು ಇನ್ನೊಂದರಲ್ಲಿ ಹೊರಡಬೇಕು. ಹಾಗಾದರೆ ರಸ್ತೆಗಳು ಜೋಡಿ ಜೋಡಿಯಾಗಿಯೇ ಇರಬೇಕು. ಜೋಡಿ ತಪ್ಪಿದ ಊರಿನಿಂದ ಒಂದೋ ಹೊರಡಬೇಕು, ಇಲ್ಲವೇ ಅಲ್ಲಿಗೇ ಬಂದು ನಿಲ್ಲಬೇಕು. ಅಂಥ ಊರು ಎರಡಕ್ಕಿಂತ ಹೆಚ್ಚಾದರೆ ಕಥೆ ಮುಗಿಯಿತು! ಖುಷಿಗೆ ನಾನು ಓಡುವ ಬಸ್ಸಿನಲ್ಲೇ ಎದ್ದು ನಿಂತುಬಿಟ್ಟೆ. ಕಂಡಕ್ಟರ್ ಇಲ್ಲಿ ಸ್ಟಾಪ್ ಇಲ್ರಿ ಎಂದ. ನನಗಿಂತ ಮೊದಲು ಎಷ್ಟೋ ಜನ ಇದನ್ನು ಕಂಡುಹಿಡಿದಿದ್ದರೆಂದು ಆಮೇಲೆ ತಿಳಿಯಿತು. ತಿಳಿದರೇನು, ಆ ಸಂಜೆ ಆ ಬಸ್ಸಿನಲ್ಲಿ ಅದನ್ನು ಕಂಡವಳು ನಾನೇ. ಇಳಿಯುವ ಹೊತ್ತಿಗೆ ನನ್ನ ನಿರ್ಧಾರ ಆಗಿಹೋಗಿತ್ತು.

ಮನೆಗೆ ಬಂದವಳೇ ಧಾರವಾಡ ಎಂದೆ. ಅವ್ವನ ಮುಖ ನೋಡಬೇಕಿತ್ತು, ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು ಅವಳಿಗೆ. ಅಪ್ಪ ಮುಖ ಊದಿಸಿಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದ. ಚುಕ್ಕಿ, ಗೆರೆ, ರಸ್ತೆ ಎಂದು ನಾನು ವಿವರಿಸಲು ಹೋದೆ, ಯಾರಿಗೆ ಬೇಕಾಗಿತ್ತು ಅದು! ಹಾಸ್ಟೆಲಿನ ಮಾತನ್ನು ಸೀಟು ಸಿಕ್ಕ ಮೇಲೆ ಎತ್ತಿದರಾಯಿತು ಎಂದು ನಾನು ಅರ್ಜಿ ಹಾಕಿ ಸುಮ್ಮನಿದ್ದೆ. ಅವ್ವ ಸುಮ್ಮನಿರಲಿಲ್ಲ. ರಾಣೆಬೆನ್ನೂರಿನ ಒಂದು ಮದುವೆಗೆ ಹೋದವಳು ಅಲ್ಲಿ ಅಣ್ಣನನ್ನು ಕಂಡು, ಹುಡುಗಿ ಧಾರವಾಡವನ್ನೇ ಒಪ್ಪಿದಳು ಎಂದು ಹೇಳಿ ಬಂದಳು. ಅಣ್ಣನಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವೇ ಇರಲಿಲ್ಲ.

ಧಾರವಾಡದಲ್ಲಿ ಸೀಟು ಸಿಕ್ಕಿತು. ಹೊರಗಿನ ವಿಶ್ವವಿದ್ಯಾಲಯದಿಂದ ಬಂದವರಿಗೆ ಅಲ್ಲಿ ಸೀಟು ಕಡಿಮೆ, ಅದರಲ್ಲಿ ಒಂದು ನನ್ನದು. ಕಾಲೇಜಿನಿಂದ ಟಿ.ಸಿ. ತರಲು ದಾವಣಗೆರೆಗೆ ಹೋಗಿದ್ದೆ. ಗೆದ್ದ ಖುಷಿಗೆ ಗೆಳತಿಯರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿ, ಖಾರಕ್ಕೆ ಕಣ್ಣೀರು ಸುರಿಸುತ್ತ, ನಗುತ್ತ ಮನೆಗೆ ಬಂದೆ. ಬಂದರೆ ಬಾಗಿಲಲ್ಲಿ ಹೊಸ ಚಪ್ಪಲಿಗಳು. ಪಡಸಾಲೆಯಲ್ಲಿ ಧಾರವಾಡದ ಮಾವ ಕೂತಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಮುಂದೆ ಹಿತ್ತಾಳೆ ಹರಿವಾಣದಲ್ಲಿ ತೆಂಗಿನಕಾಯಿ, ಹಸಿರು ಸೀರೆ, ಬಳೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ. ಟಿ.ಸಿ. ಹಿಡಿದು ನಿಂತವಳಿಗೆ ಅವ್ವನ ಪಾಟಿಚೀಲ ನೆನಪಾಯಿತು.

ಕೈಕಾಲು ತೊಳೆದು ಬರುತ್ತೇನೆಂದು ಸೀದಾ ಅಡುಗೆಮನೆಗೆ ಹೋದೆ. ಅವ್ವ ಶಾವಿಗೆ ಪಾಯಸ ತಿರುವುತ್ತಿದ್ದಳು. ಹೂವು ಮುಡಿಸಿಕೊಳ್ಳುವುದಿಲ್ಲ, ಹಾಸ್ಟೆಲಿನಲ್ಲಿ ಇರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಸೌಟು ಬಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

“ಅಣ್ಣ ಜಗಳ ಮಾಡಾನಲ್ಲ. ಪಾಯಸ ಉಂಡು ಎದ್ದು ಹೋಗ್ತಾನೆ. ಆಮ್ಯಾಲೆ ಈ ಮನಿ ಮೆಟ್ಲು ಹತ್ತಲ್ಲ. ಹೊಳಿ ಆಚೆ ನನಗಿರೋದು ಅದೊಂದೇ ಬಾಗ್ಲು ಕಣೇ.”

ಅವಳ ಹೆತ್ತವರು ತೀರಿಕೊಂಡ ಮೇಲೆ ತವರೆಂದರೆ ಆ ಅಣ್ಣನ ಮನೆಯೇ. ಆದರೂ ನಾನು ಬಿಡಲಿಲ್ಲ.

“ಹೂವು ಮುಡಿಸಿದ ಮಾರನೇ ದಿನ ನೀನು ಸಾಲಿಗೆ ಹೋದ್ಯಾ ಅವ್ವ?”

ಅವ್ವ ಒಲೆಯ ಕಡೆ ತಿರುಗಿದಳು. ಇನ್ನು ನಿಂತರೆ ನಾನೇ ಕರಗಿ ಹೋಗುತ್ತೇನೆ ಎನಿಸಿ ಪಡಸಾಲೆಗೆ ಹೋಗಿ ಮಾವನ ಎದುರು ಕೂತೆ.

“ಮಾವ, ನಾನು ಧಾರವಾಡಕ್ಕೆ ಬರ್ತಿರೋದು ಗಣಿತ ಓದಾಕೆ. ನಿಮ್ಮ ಮನೆ ಬ್ಯಾಡ ಅಂತಲ್ಲ, ನಿಮ್ಮ ಮಗ ಬ್ಯಾಡ ಅಂತಲೂ ಅಲ್ಲ. ಈಗ ನನಗೆ ಮದುವಿನೇ ಬ್ಯಾಡ. ಹಾಸ್ಟೆಲಿನಾಗೆ ಇರ್ತೀನಿ.”

ಮೈಸೂರಿನ ಆಸೆ ಇನ್ನೂ ಸಾಯದ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಅರಳಿದ್ದು ಕಂಡು, ಮೈಸೂರಿಗೂ ಇದೇ ಉತ್ತರ ಎಂದು ಅವನ ಕಡೆಗೂ ಒಂದು ಎಸೆದೆ. ಅರಳಿದ್ದು ಅಲ್ಲೇ ಬಾಡಿತು. ಮಾವ ಮೀಸೆ ತೀಡುತ್ತ ಹರಿವಾಣ ನೋಡುತ್ತಿದ್ದ. ಅವನ ಹೆಂಡತಿ ನಿಧಾನವಾಗಿ ಹೇಳಿದಳು.

“ಹಿಂಗಂದ್ರ ಹೆಂಗವಾ? ಮುಡಸಾಕ ತಂದ ಹೂವು ವಾಪಸ್ ಒಯ್ಯಾಕ ಬರೂದಿಲ್ಲ.”

ಅದು ನಿಜ. ಮುಡಿಸಲು ತಂದ ಹೂವನ್ನು ಹಿಂದಕ್ಕೆ ಒಯ್ಯುವುದು ಅಪಶಕುನ, ಅದಕ್ಕಿಂತ ದೊಡ್ಡ ಅವಮಾನ. ಹಾಗೆ ಹೋದವರು ಮತ್ತೆ ಬರುವುದಿಲ್ಲ. ಎಷ್ಟು ಜಾಣೆ ಎಂದು ಬೀಗುತ್ತಿದ್ದವಳು ನಾನು, ಆ ಮಲ್ಲಿಗೆ ದಂಡೆಯ ಮುಂದೆ ಬಾಯಿ ಕಟ್ಟಿ ಕೂತೆ.

ಆಗ ಅವ್ವ ಹೊರಗೆ ಬಂದಳು. ಯಾರನ್ನೂ ನೋಡದೆ ನೇರ ಹರಿವಾಣದ ಮುಂದೆ ಕೂತು ಒದ್ದೆ ಬಟ್ಟೆ ಬಿಚ್ಚಿದಳು. ಹೆಣ್ಣು ಗೊತ್ತು ಮಾಡುವ ಹೂವನ್ನು ಗಂಡಿನ ಕಡೆಯ ಮುತ್ತೈದೆ ಮುಡಿಸಬೇಕು, ಹೆತ್ತವಳು ಅದನ್ನು ಮುಟ್ಟುವುದಿಲ್ಲ. ಅವ್ವ ದಂಡೆಯನ್ನು ಎತ್ತಿಕೊಂಡು ಬಂದು ನನ್ನ ಜಡೆಗೆ ಸಿಕ್ಕಿಸಿದಳು.

“ವೈನಿ, ಹೂವು ವಾಪಸ್ ಯಾಕ ಒಯ್ತೀರಿ? ನನ್ನ ಮಗಳು ಪಾಸಾಗ್ಯಾಳೆ. ತವರಿನ ಹೂವು, ನಾನೇ ಮುಡಿಸೀನಿ.”

ಹೂವು ಮುಡಿದಾಗಿತ್ತು. ಶಾಸ್ತ್ರ ಮಾತ್ರ ಆಗಿರಲಿಲ್ಲ. ವಾಪಸ್ ಒಯ್ಯಲು ಅಲ್ಲಿ ಏನೂ ಉಳಿದಿರಲಿಲ್ಲ. ನಾನು ಮಾವನ ಕಾಲಿಗೆ ನಮಸ್ಕಾರ ಮಾಡಿ, ಹಾಸ್ಟೆಲಿನವರು ಊರಲ್ಲಿ ಒಬ್ಬ ಹಿರಿಯರು ನನ್ನ ಜವಾಬ್ದಾರಿ ಹೊರಬೇಕು ಅಂತಾರೆ, ನಿಮ್ಮನ್ನು ಬಿಟ್ಟರೆ ನನಗೆ ಅಲ್ಲಿ ಯಾರಿದ್ದಾರೆ ಎಂದೆ. ಮಾವ ತಂಗಿಯನ್ನು ನೋಡಿದ. ಶಾಲೆ ಬಿಡಿಸಿದ ದಿನ ಇವಳು ಅಟ್ಟ ಹತ್ತಿ ಕೂತು ಅತ್ತಾಗ ನಾನೇ ಇಳಿಸಿಕೊಂಡು ಬಂದಿದ್ದೆ ಎಂದು ಯಾರಿಗೋ ಹೇಳುವಂತೆ ಹೇಳಿದ. ನನಗೆ ಅದು ಗೊತ್ತಿರಲಿಲ್ಲ. ನಗುತ್ತ ಹೇಳುವ ಕಥೆಯಲ್ಲಿ ಅವ್ವ ಆ ಅಟ್ಟವನ್ನು ಬಿಟ್ಟಿದ್ದಳು. ಆಮೇಲೆ ಮಾವ ನನ್ನ ಕಡೆ ತಿರುಗಿದ.

“ಆತು, ನಾನ ಹೊರತೀನಿ. ಆದ್ರ ಐತವಾರ ನಮ್ಮನ್ಯಾಗ ಉಣ್ಣಬೇಕು. ಅದಕ್ಕ ಇಲ್ಲ ಅನಬ್ಯಾಡ.”

ಎಲ್ಲರೂ ಪಾಯಸ ಉಂಡೆವು. ತಳ ಹತ್ತಿತ್ತು, ಯಾರೂ ಹೇಳಲಿಲ್ಲ. ಹಸಿರು ಸೀರೆಯನ್ನು ಮಾವನ ಹೆಂಡತಿ ಅವ್ವನ ಮಡಿಲಿಗೇ ಹಾಕಿದಳು, ತುಸು ಬಿಗಿದ ಮುಖದಲ್ಲೇ ಆದರೂ ಹಾಕಿದಳು. ಆ ಮುಖ ಸಡಿಲವಾಗಲು ಒಂದು ವರ್ಷದ ಭಾನುವಾರಗಳು ಬೇಕಾದವು. ಅವಳ ಮಗನ ಮದುವೆಯಲ್ಲಿ ನಾನು ಬಡಿಸುವವರ ಸಾಲಿನಲ್ಲಿದ್ದೆ. ನಮ್ಮ ಮೇಷ್ಟ್ರು ಕೇಳಿದ್ದನ್ನೂ ನಾನು ಮರೆಯಲಿಲ್ಲ. ಮೊದಲ ದಸರಾ ರಜೆಗೆ ದಾವಣಗೆರೆಗೆ ಹೋಗಿ ಅದೇ ಬೋರ್ಡಿನ ಮುಂದೆ ನಿಂತೆ. ಅವರು ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡರು.

ಆದರೆ ನಾನು ಗೆದ್ದೆ ಎಂದು ನನಗೆ ಅನ್ನಿಸಿದ್ದು ಅದಕ್ಕೂ ಮೊದಲು, ಹೊರಡುವ ದಿನ. ಅವ್ವ ಆ ಹಸಿರು ಸೀರೆ ಉಟ್ಟು ಹರಿಹರದ ಸ್ಟೇಷನ್ನಿಗೆ ಬಂದಿದ್ದಳು. ಮನೆಯಿಂದ ಹೊರಡುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟು, ಗಂಡನ ಮನೆಗೆ ಕಳಿಸುವ ಮಗಳಿಗೆ ತುಂಬುವ ಹಾಗೆ ನನಗೆ ಉಡಿ ತುಂಬಿದ್ದಳು. ನಾನು ಬೇಡವೆಂದರೂ ಕೇಳಿರಲಿಲ್ಲ. ಉಡಿ ಹಿಡಿದು ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಕೂತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನನ್ನ ಉಡಿ ನೋಡಿ, ಕಣ್ಣು ಒರೆಸಿಕೊಳ್ಳುತ್ತಿದ್ದ ಅವ್ವನನ್ನು ನೋಡಿ, ಕಿಟಕಿಯಿಂದ ಬಗ್ಗಿ ಮಗಳನ್ನ ಎಲ್ಲಿಗೆ ಕೊಟ್ಟೀಯವ್ವ ಎಂದು ಕೇಳಿದಳು. ರೈಲು ಸೀಟಿ ಹಾಕಿ ಜಗ್ಗಿತು. ಅವ್ವ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಹೇಳಿದಳು.

“ಗಣಿತಕ್ಕೆ ಕೊಟ್ಟೀನ್ರೀ.”

ಅಜ್ಜಿ ಅದು ಯಾವ ಕಡೆಯ ಹಳ್ಳಿ ಎಂದು ನನ್ನನ್ನು ಕೇಳಿದಳು. ಹೊಳೆಯ ಆಚೆ ಎಂದೆ.