ದಾರಿಯ ಬಾಯಿಗೆ ಬಂದ ಹೊಲಿಗೆ ಅಂಗಡಿ

ಮೊನ್ನೆ ಸಕಲೇಶಪುರದಲ್ಲಿ ಬ್ಯಾಗ್ ರಿಪೇರಿಗೆ ನಿಂತಿದ್ದೆ. ಪಕ್ಕದಲ್ಲಿ ಯಾರೋ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆ. ಹೊಸಕೋಟೆಯ ನಮ್ಮ ಟೈಲರಕ್ಕ ಕಣ್ಣ ಮುಂದೆ ಬಂದು ನಿಂತರು. ಕೊರಳಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ...

ನಾನಾಗ ಪಿಯುಸಿ. ಆಲೂರಿನ ಕಾಲೇಜು ಮುಗಿಸಿ ಸಂಜೆ ಬಸ್ಸಿಳಿದರೆ, ಕಾಫಿ ಎಸ್ಟೇಟಿನ ಕೂಲಿ ಲೈನಿನ ನಮ್ಮ ಮನೆಗೆ ಇದ್ದದ್ದು ಒಂದೇ ಕಾಲುದಾರಿ. ಅದರ ಬಾಯಲ್ಲೇ ಕುಡುಕರ ದಂಡು. ಶಿಳ್ಳೆ, ಹಲ್ಕಾ ಮಾತು, ಒಡೆದ ಬಾಟಲಿ. ಒಂದು ದಿನ ಒಬ್ಬ ನನ್ನ ದುಪಟ್ಟಾ ಎಳೆದ. ಅಪ್ಪ, "ನಾಳೆಯಿಂದ ಕಾಲೇಜು ಬ್ಯಾಡ" ಎಂದುಬಿಟ್ಟರು. ನಾನು ಅಳುತ್ತಾ ಓಡಿದ್ದು ಅಕ್ಕನ ಅಂಗಡಿಗೆ.

ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. ಆ ವಾರವೇ ಪಂಚಾಯಿತಿಯಲ್ಲಿ ಸಭೆ ಸೇರಿಸಿದರು. ಅಬ್ಬಾ, ಅದೆಂಥ ಸಭೆ! ಪಂಚಾಯಿತಿಯವರು ಪೊಲೀಸರತ್ತ ಬೆರಳು ತೋರಿಸಿದರು, ಪೊಲೀಸರು ಕಂಪ್ಲೇಂಟ್ ಎಲ್ಲಿ ಎಂದರು. ಆಟೋ ಸ್ಟ್ಯಾಂಡನ್ನು ಆ ದಾರಿಯ ಬಾಯಿಗೆ ಸರಿಸಿ ಎಂದು ಅಕ್ಕ ಹೇಳಿದರೆ, ಆಟೋದವರು "ಅಲ್ಲಿಗ್ಯಾವ ಗಿರಾಕಿ ಬತ್ತಾನೆ ಅಕ್ಕಾ?" ಎಂದು ನಕ್ಕರು.

"ನನ್ನ ಅಂಗ್ಡಿನೂ ಅಲ್ಲಿಗೇ ತತ್ತೀನಿ ಕಣ್ರೋ! ಬ್ಲೌಸ್ ಹೊಲ್ಸಕ್ಕೆ ಬರೋರು ನಿಮ್ಮ ಆಟೋ ಹತ್ತಲ್ವಾ?"

ಬಸ್ ಸ್ಟ್ಯಾಂಡಿನ ಎದುರು ಅಷ್ಟು ವರ್ಷ ಕೂತು ಕುದುರಿಸಿಕೊಂಡ ಜಾಗವನ್ನೇ ಹೆಂಗಸೊಬ್ಬಳು ಬಿಡುತ್ತೇನೆಂದ ಮೇಲೆ ಯಾರು ತಾನೇ ಹಿಂಜರಿದಾರು? ಪಂಚಾಯಿತಿ ಪೊದೆ ಕಡಿಸಿ ದೀಪ ಹಾಕಿಸಿತು. ಆಟೋಗಳು ಸಾಲಾಗಿ ಬಂದವು. ಮೆಷಿನ್ನನ್ನು ನಾವು ಲೈನಿನ ಹುಡುಗಿಯರೇ ಹೊತ್ತು ತಂದೆವು, ದಾರಿಯುದ್ದಕ್ಕೂ ಕೇಕೆ ಹಾಕುತ್ತಾ! ಬೀಟ್ ಪೊಲೀಸರು ದಿನಾ ಸಹಿ ಮಾಡುವ ಪುಸ್ತಕ ಅಕ್ಕನ ಅಂಗಡಿಯ ಮೊಳೆಗೆ ನೇತುಬಿತ್ತು. ಒಮ್ಮೆ ಅವರು ಎರಡು ದಿನದ ಸಹಿ ಒಟ್ಟಿಗೆ ಹಾಕಹೊರಟಾಗ ಅಕ್ಕ ಪೆನ್ನು ಹಿಡಿದುಕೊಂಡರು.

"ನೆನ್ನೆ ನೀವ್ ಬಂದೇ ಇಲ್ವಲ್ಲ ಸಾರ್, ಅದು ಖಾಲಿ ಇರ್ಲಿ ಬುಡಿ."

ಮರುದಿನದಿಂದ ಅವರು ಬಸ್ಸಿಗಿಂತ ಮೊದಲೇ ಹಾಜರ್. ಕುಡುಕರು ನಾಲ್ಕು ದಿನ ಸುತ್ತಾಡಿದರು, ಕೂರಲು ಜಾಗವಿರಲಿಲ್ಲ. ಕೊನೆಗೆ ಅವರಲ್ಲೊಬ್ಬ ಹರಿದ ಪ್ಯಾಂಟು ಹೊಲಿಸಲು ತಂದುಕೊಟ್ಟ! ಅಪ್ಪ ಎರಡು ಸಂಜೆ ಅಲ್ಲೇ ನಿಂತು ನೋಡಿ, ಮೂರನೆಯ ದಿನ ಬೆಳಿಗ್ಗೆ ನನ್ನ ಪುಸ್ತಕದ ಚೀಲವನ್ನು ತಾವೇ ತಂದು ಕೈಗಿಟ್ಟರು.

ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ನಿನ್ನೆ ಊರಿಗೆ ಹೋದಾಗ, ಆ ದಾರಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾಡು ಗುನುಗುತ್ತಾ ಬರುತ್ತಿದ್ದಳು. ತಡೆದು, ಟೈಲರಕ್ಕ ಗೊತ್ತಾ ಎಂದು ಕೇಳಿದೆ.

"ಇಲ್ವಲ್ಲ ಆಂಟಿ. ಯಾಕೆ, ಇಲ್ಲಿ ಏನಾದ್ರೂ ಆಗಿತ್ತಾ?"

ಏನೂ ಇಲ್ಲ, ಹೋಗಮ್ಮ ಎಂದೆ. ಇಲ್ಲೊಂದು ಕಾಲಕ್ಕೆ ಭಯವಿತ್ತೆಂಬುದೇ ಗೊತ್ತಿಲ್ಲದ ಈ ಪ್ರಶ್ನೆ ಕಿವಿಗೆ ಬಿದ್ದಿದ್ದರೆ ಅಕ್ಕ ಎಷ್ಟು ಹಿಗ್ಗುತ್ತಿದ್ದರೋ... ದಾರಿಯಲ್ಲೇ ನಿಂತು ಅತ್ತುಬಿಟ್ಟೆ.