ಇಪ್ಪತ್ತು ರೂಪಾಯಿಗೆ ಊರಿನ ಮಾಳಿಗೆಗಳು

ಹೋದ ಭಾನುವಾರ ಬಸವಕಲ್ಯಾಣದ ಎತ್ತರದ ಹೊಸ ಕಟ್ಟಡವೊಂದರ ನೆತ್ತಿಯ ಮೇಲೆ ನಿಂತು ನಾನು ಗಂಟಲು ಹರಿಯುವಂತೆ ಕೂಗಿದೆ. ಚಹಾ ಕುಡಿಯುತ್ತಿದ್ದವರ ಕೈಯಲ್ಲಿ ಕಪ್ಪುಗಳು ತುಳುಕಿದವು. ಮ್ಯಾನೇಜರ್ ಓಡಿ ಬಂದ. ನನಗೇನು ತಲೆ ಕೆಟ್ಟಿತ್ತೇ? ಮೊದಲು ಕೇಳಿ, ಆಮೇಲೆ ನೀವೇ ಹೇಳಿ.

ಕಲ್ಯಾಣದ ಕೋಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗಳು ಸವಿತಾ ಚೊಚ್ಚಲ ಬಾಣಂತಿ, ತವರಿಗೆ ಬಂದಿದ್ದಾಳೆ. ನನ್ನ ಹೆಂಡತಿ ಕಟ್ಟಿಕೊಟ್ಟ ಅಂಟಿನುಂಡಿಯ ಡಬ್ಬಿ ಹಿಡಿದು ಹುಮನಾಬಾದಿನಿಂದ ಬೆಳಗಿನ ಬಸ್ಸು ಹತ್ತಿದ್ದೆ. ಇನ್ನೂ ಬಸ್‌ಸ್ಟ್ಯಾಂಡಿನಲ್ಲಿದ್ದೇನೆ, ಅಕ್ಕನ ಫೋನ್.

"ಈಗ ಬರಬ್ಯಾಡ. ತಾಯಿಗೆ ಕೂಸಿಗೆ ಎಣ್ಣಿ ನೀರು ನಡದದ. ಸಾವಕಾಶ ಬಾ."

ಬಾಣಂತಿಗೆ ನೀರು ಹಾಕುವ ಹೊತ್ತಿನಲ್ಲಿ ಗಂಡಸರು ಹೊಸ್ತಿಲು ದಾಟುವಂತಿಲ್ಲ. ಸೋದರಮಾವನಾದರೇನು, ಕಲೆಕ್ಟರಾದರೇನು? ಸರಿ, ಹೊತ್ತು ಕಳೆಯಬೇಕಲ್ಲ. ಅಷ್ಟರಲ್ಲಿ ಒಂದು ಫ್ಲೆಕ್ಸ್ ಕಣ್ಣಿಗೆ ಬಿತ್ತು. ರೂಫ್‌ಟಾಪ್ ವ್ಯೂ ಪಾಯಿಂಟ್, ಟಿಕೆಟ್ ಬರೀ ಇಪ್ಪತ್ತು ರೂಪಾಯಿ, ಚಹಾ ಫ್ರೀ. (ಫ್ರೀ ಎಂಬ ಅಕ್ಷರ ಕಂಡರೆ ನನ್ನ ಕಾಲುಗಳು ತಾವೇ ಆ ಕಡೆ ತಿರುಗುತ್ತವೆ. ಹಳೆಯ ಓದುಗರಿಗೆ ಇದು ಹೊಸದಲ್ಲ.)

ಮೇಲೆ ಹೋದರೆ ಊರೆಲ್ಲ ಕಾಲ ಕೆಳಗೆ. ಒಂದು ಕಡೆ ಕೋಟೆ, ಇನ್ನೊಂದು ಕಡೆ ತ್ರಿಪುರಾಂತ ಕೆರೆ. ಕೆಳಗೆ ಆಟೋ, ಟಂಟಂ, ಹಾರ್ನಿನ ಗದ್ದಲ. ಮೇಲೆ ತಂಪು ಗಾಳಿ. ಇಪ್ಪತ್ತು ರೂಪಾಯಿಗೆ ಇನ್ನೇನು ಬೇಕು?

ಕೋಟೆಯನ್ನು ನೋಡಿದೆ, ಹೆಚ್ಚು ಹೊತ್ತೇನಲ್ಲ. ಆಮೇಲೆ ಕಣ್ಣು ಇಳಿದದ್ದು ಹತ್ತಿರದ ಮಾಳಿಗೆಗಳ ಮೇಲೆ. ಗೋಡೆಗೆ ಗೋಡೆ ಹತ್ತಿದ ಹಳೆಯ ಮನೆಗಳು. ಬೀದಿಗೆ ಇಳಿಯದೆ ಹೆಂಗಸರು ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ನಡೆದೇ ಹೋಗುತ್ತಾರೆ. ಒಬ್ಬಳು ಮಗಳ ತಲೆಯಲ್ಲಿ ಹೇನು ಹೆಕ್ಕುತ್ತಿದ್ದಳು. ಇಬ್ಬರು ಸೀರೆ ಮೇಲಕ್ಕೆ ಕಟ್ಟಿ ಶಂಡಿಗೆ ಇಡುತ್ತಿದ್ದರು. ಮುದುಕಿಯೊಬ್ಬಳು ಕುಪ್ಪಸ ಬಿಚ್ಚಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ಎಷ್ಟು ಚಂದ ಅನ್ನಿಸಿತು. ಈ ವಾರದ ಅಂಕಣಕ್ಕೆ ವಸ್ತು ಸಿಕ್ಕಿತು ಎಂದುಕೊಳ್ಳುತ್ತ ಚಹಾ ಮುಗಿಯುವವರೆಗೂ ನೋಡುತ್ತ ನಿಂತೆ.

ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಕಲಬುರಗಿಯಿಂದ ಅಪ್ಪ ಅಮ್ಮನ ಜೊತೆ ಬಂದವಳಂತೆ. "ನೋಡ್ರಿ ಅಂಕಲ್, ಎಷ್ಟು ಕ್ಲಿಯರ್ ಝೂಮ್ ಆಗ್ತದ" ಎಂದು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು.

ಒಂದು ಮಾಳಿಗೆ. ಹೊರಸಿನ ಮೇಲೆ ಬಾಣಂತಿ. ತೊಯ್ದ ಕೂದಲನ್ನು ಬಿಸಿಲಿಗೆ ಹರವಿಕೊಂಡು, ಎದೆ ತೆರೆದು ಕೂಸಿಗೆ ಹಾಲೂಡಿಸುತ್ತಿದ್ದಾಳೆ. ಪಕ್ಕದಲ್ಲಿ ಟವೆಲ್ಲು ಹಿಡಿದು ನಿಂತ ಹೆಂಗಸು ಉಟ್ಟಿರುವುದು ಪಂಚಮಿಗೆ ನಾನೇ ಕೊಟ್ಟ ಹಸಿರು ಸೀರೆ.

ಅಕ್ಕ. ಹಾಗಾದರೆ ಹೊರಸಿನ ಮೇಲೆ ಕೂತವಳು?

ಸ್ವಂತ ಮಾವನನ್ನೇ ಹೊಸ್ತಿಲಾಚೆ ನಿಲ್ಲಿಸಿದ ಮನೆಯ ಬಾಣಂತಿ, ಗುರುತು ಪರಿಚಯವಿಲ್ಲದವರ ಫೋನಿನಲ್ಲಿದ್ದಾಳೆ.

"ಅದನ್ನ ತಗದುಬಿಡವಾ" ಎಂದೆ.

"ಯಾಕ್ರಿ? ಕೆಟ್ಟದ್ದೇನು ಮಾಡಾಕತ್ತೇನಿ? ಹಳೀ ಊರಿನ ಲೈಫ್ ತೋರಸಾಕತ್ತೇನಿ. ಟಿಕೆಟ್ ತೊಗೊಂಡೇ ಬಂದೀವ್ರಿ."

ಅವಳ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕೆಟ್ಟವರಾದರೆ ಬೈಯಬಹುದು. ಒಳ್ಳೆಯವರಿಗೆ ಏನು ಮಾಡುವುದು? ಸುತ್ತ ನೋಡಿದೆ. ಕೋಟೆಯ ಕಡೆ ತಿರುಗಿದ ಫೋನು ಒಂದೂ ಇರಲಿಲ್ಲ.

ಆ ಗಲ್ಲಿಗಳಲ್ಲಿ ಒಂದು ಪದ್ಧತಿ ಇದೆ. ಗಂಡಸು ಮಾಳಿಗೆ ಏರಬೇಕಾದರೆ, ಟ್ಯಾಂಕ್ ತೊಳೆಯುವುದಿರಲಿ, ಡಿಶ್ ತಿರುಗಿಸುವುದಿರಲಿ, ಮೆಟ್ಟಿಲಲ್ಲೇ ನಿಂತು "ಪರದಾ" ಎಂದು ಕೂಗುತ್ತಾನೆ. ನಿಜಾಮರ ಕಾಲದಿಂದ ಬಂದದ್ದು. ಹಿಂದೂ, ಮುಸ್ಲಿಂ ಅನ್ನದೆ ಎಲ್ಲರೂ ಪಾಲಿಸುತ್ತಾರೆ. ಅಕ್ಕಪಕ್ಕದ ಹೆಂಗಸರು ಸೆರಗು ಸರಿಮಾಡಿಕೊಂಡ ಮೇಲೆಯೇ ಅವನು ಮೇಲೆ ಕಾಲಿಡುವುದು.

ಇಲ್ಲಿ ಇಷ್ಟು ಜನ ಗಂಡಸರು ಲಿಫ್ಟಿನಲ್ಲಿ ಏರಿ ಬಂದಿದ್ದೇವೆ. ಯಾರು ಕೂಗಿದ್ದೇವೆ?

ನಾನು ಕೂಗಿದೆ. "ಪರದಾ... ಪರದಾ..."

ಮಾಳಿಗೆಗಳಲ್ಲಿ ತಲೆಗಳು ಎದ್ದವು. ಮೊದಲು ತಮ್ಮ ತಮ್ಮ ಮೆಟ್ಟಿಲ ಕಡೆ ನೋಡಿದವು. ಅಲ್ಲಿ ಯಾರೂ ಇಲ್ಲ. ಆಮೇಲೆ ಒಬ್ಬೊಬ್ಬರೇ ಕತ್ತೆತ್ತಿದರು. ಮೋಟುಗೋಡೆಯುದ್ದಕ್ಕೂ ಸಾಲಾಗಿ ನಿಂತ ನಮ್ಮನ್ನು ಕಂಡರು. ಮುದುಕಿ ಕೌದಿ ಎಳೆದುಕೊಂಡಳು. ಶಂಡಿಗೆ ಹಿಟ್ಟನ್ನು ಅಲ್ಲೇ ಬಿಟ್ಟು ಇಬ್ಬರೂ ಓಡಿದರು. ಅಕ್ಕ ಟವೆಲ್ಲನ್ನು ಮಗಳ ಮೇಲೆ ಹೊದಿಸಿ, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನೋಡನೋಡುತ್ತ ಮಾಳಿಗೆಗಳೆಲ್ಲ ಖಾಲಿಯಾದವು.

"ಏನ್ರಿ ಯಜಮಾನ್ರ, ಗಿರಾಕಿಗೋಳಿಗೆ ಅಂಜಸ್ತೀರೇನು? ಜಲ್ದಿ ಇಳೀರಿ" ಎಂದ ಮ್ಯಾನೇಜರ್.

ಹುಡುಗಿ ಮಾತ್ರ ವಿಡಿಯೋ ಅಳಿಸಿ ನನಗೆ ತೋರಿಸಿದಳು. "ಅವ್ರಿಗೆ ಗೊತ್ತೇ ಇರಲಿಲ್ಲಲ್ರಿ ಅಂಕಲ್" ಎಂದಳು. ಅವಳ ಕಣ್ಣು ತುಂಬಿತ್ತು.

ಅಕ್ಕನ ಮನೆ ಮುಟ್ಟಿದಾಗ ಭಾವ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅದು ಓಪನಿಂಗ್ ಆದಾಗ ಗಲ್ಲಿ ಗಂಡಸರನ್ನೆಲ್ಲಾ ಚಹಾಕ್ಕ ಕರದಿದ್ರು. ನಾನೂ ಹೋಗಿದ್ದೆ."

"ಅಲ್ಲಿಂದ ನಿಮ್ಮ ಮಾಳಿಗಿ ಕಾಣಲಿಲ್ಲೇನ್ರಿ ಭಾವ?"

"ಕಾಣ್ತು. ಸಂಜೀ ಹೊತ್ತು. ಆವಾಗ ಮ್ಯಾಲ ಯಾರೂ ಇರಲಿಲ್ಲ ನೋಡು."

ಗಲ್ಲಿಯ ಅಷ್ಟೂ ಗಂಡಸರಿಗೆ ಗೊತ್ತಿತ್ತು. ತಮ್ಮ ಮನೆಯ ಮೆಟ್ಟಿಲಲ್ಲಿ ತಪ್ಪದೆ ಕೂಗುವವರು, ಅಲ್ಲಿ ಮುಫತ್ ಚಹಾ ಕುಡಿದು, ತಮ್ಮ ಮಾಳಿಗೆಯನ್ನು ಮೇಲಿಂದ ಕಂಡು, ಬಾಯಿ ಒರೆಸಿಕೊಂಡು ಬಂದಿದ್ದರು. ಅಕ್ಕ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಕಾಣ್ತದ ಅಂತ ನಮಗೊಂದು ಮಾತು ಹೇಳಬಾರದಿತ್ತೇನ್ರಿ?" ಎಂದಳು.

ಭಾವ ಪೇಪರಿನ ಹಾಳೆ ತಿರುವಿದರು.

ನನಗೆ ಮೈ ಉರಿಯಿತು. ಗಲ್ಲಿಯ ಗಂಡಸರಿಗೆಲ್ಲ ಒಟ್ಟಿಗೆ ಛೀಮಾರಿ ಹಾಕಿದೆ. ಅಷ್ಟೂ ಜನರ ನಡುವೆ ನಾನೊಬ್ಬನೇ ಕೂಗಿದ್ದನ್ನು ಇನ್ನೊಮ್ಮೆ, ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದೆ. ಒಳಮನೆಯ ಪರದೆಯಾಚೆ ಸವಿತಾ ಕೂಸನ್ನು ತಟ್ಟುವುದು ನಿಂತಿತು.

"ಮಾಮಾ," ಎಂದಳು, "ಹೊರಸಿನ ಮ್ಯಾಲ ನಾನಲ್ಲದ ಬ್ಯಾರೇದಾಕಿ ಕುಂತಿದ್ರ, ನೀ ಕೂಗ್ತಿದ್ದೇನು?"