ತುಳಸಿ ಮಡಿಗೆ ಕಟ್ಟಿದ ಕೆಂಪು ಅರಿವೆ

೨೦೦೬ರಲ್ಲಿ ನಾನು ಕುಷ್ಟಗಿ ಸುತ್ತಿನ ದಾಳಿಂಬೆ ತೋಟಗಳಿಗೆ ಸಲಹೆಗಾರನಾಗಿದ್ದೆ. ಊರಾಚೆಯ ಅಂಧರ ವಸತಿ ಶಾಲೆಯೊಂದರವರು ಮಕ್ಕಳಿಗೊಂದು ಉದ್ಯಾನ ಮಾಡಿಕೊಡಿ ಎಂದರು. ಹನ್ನೆರಡು ವರ್ಷ ಗಿಡಗಳ ಜೊತೆ ಬದುಕಿದವನಿಗೆ ಇದೇನು ಮಹಾ ಎಂದುಕೊಂಡೆ.

ನನ್ನ ಜಂಬ ಇಳಿಸಿದವರು ಅಲ್ಲಿನ ಬ್ರೈಲ್ ಶಿಕ್ಷಕಿ ಗಂಗಮ್ಮ. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ನನ್ನ ನಕ್ಷೆಯನ್ನು ಬೆರಳಿನಿಂದ ಸವರಿ, "ಇದು ಬರೇ ಕಾಗದ ಐತ್ರಿ ಸಾಹೇಬ್ರ. ಬರ್ರಿ, ನಡದು ತೋರಸ್ತೀನಿ" ಎಂದು ನಕ್ಕರು. ಅವರು ನಡೆದಂತೆ ನಾನು ಗುರುತು ಹಾಕಿದೆ. ಬಗ್ಗದೆ ಮುಟ್ಟಲು ಎರಡೂವರೆ ಅಡಿ ಎತ್ತರದ ಮಡಿಗಳು ಅಂದರೆ ಗಿಡದ ಪಾತಿಗಳು, ಅಂಚಿಗೆ ಹಿಡಿದು ನಡೆಯುವ ಕಂಬಿ, ತಿರುವಿನಲ್ಲಿ ಕಾಲಿಗೆ ತಿಳಿಯುವಂತೆ ಉರುಟು ಕಲ್ಲು. ಪುದೀನ, ಮರುಗ, ತುಳಸಿ ನೆಟ್ಟೆವು. ಗಂಗಮ್ಮ ಎಲೆ ಮುಟ್ಟಿ, ಮೂಸಿ, ಒಂದನ್ನು ಬಾಯಿಗೆ ಹಾಕಿಕೊಂಡು ಹೆಸರು ಹೇಳುತ್ತಿದ್ದರು.

ನೆಟ್ಟ ಎಂಟನೇ ತಿಂಗಳು ತುಳಸಿಗೆ ಹಿಟ್ಟು ತಿಗಣೆ ಎಂಬ ಕೀಟ ಬಿತ್ತು. ಬೇವಿನ ಕಷಾಯ ಸಾಕಿತ್ತು. ನಾನು ದಾಳಿಂಬೆಗೆ ಹೊಡೆಯುವ 'ಎಣ್ಣೆ'ಯನ್ನೇ, ಅಂದರೆ ಕೀಟನಾಶಕವನ್ನೇ ಹೊಡೆಸಿದೆ. ರಜೆಯಾದ್ದರಿಂದ ಮಕ್ಕಳು ಊರಿಗೆ ಹೋಗಿದ್ದರು. ಎಣ್ಣೆ ಹೊಡೆದ ತೋಟಕ್ಕೆ ಯಾರೂ ಬರದಿರಲೆಂದು ಕೆಂಪು ಅರಿವೆ, ಅಂದರೆ ಬಟ್ಟೆಯ ತುಂಡು ಕಟ್ಟುವುದು ನನ್ನ ರೂಢಿ. ಅಂದೂ ತಪ್ಪದೆ ಕಂಬಿಗೆ ಬಿಗಿಯಾಗಿ ಕಟ್ಟಿ ಮನೆಗೆ ಹೋದೆ. ಯಾರಿಗಾಗಿ ಕಟ್ಟುತ್ತಿದ್ದೇನೆಂಬುದು ಈ ಮೂಢನ ತಲೆಗೆ ಹೊಳೆಯಲೇ ಇಲ್ಲ.

ಗಂಗಮ್ಮ ಶಾಲೆಯಲ್ಲೇ ಉಳಿದಿದ್ದರು. ಸಂಜೆ ನೆಗಡಿಗೆಂದು ಒಂದು ಹಿಡಿ ತುಳಸಿ ಕಿತ್ತು ಜಗಿದರು. ಮೂಗು ಕಟ್ಟಿದ್ದರಿಂದ ಘಾಟು ತಿಳಿಯಲಿಲ್ಲ. ವಾಂತಿ, ನಡುಕ ಶುರುವಾಗಿ ಶಾಲೆಯವರು ಅವರನ್ನು ಕೊಪ್ಪಳದ ಆಸ್ಪತ್ರೆಗೆ ಸಾಗಿಸಿದರು. ಒಂಬತ್ತು ದಿನಕ್ಕೆ ಜೀವ ಉಳಿಯಿತು. ಮೂರು ವಾರ ಕಳೆದ ಮೇಲೆ ಬೆರಳ ತುದಿಗಳು ಜೋಮು ಹಿಡಿದವು. ವಿಷದಿಂದ ನರ ಸೋತಿದೆ, ಸ್ಪರ್ಶ ಮರಳುವುದು ಕಷ್ಟ ಎಂದರು ವೈದ್ಯರು.

ನೋಡಲು ಹೋದಾಗ ಅವರ ತೊಡೆಯ ಮೇಲೆ ಬ್ರೈಲ್ ಪುಸ್ತಕ ತೆರೆದಿತ್ತು. ಬೆರಳು ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡಾಡುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ನನ್ನಿಂದ ತಪ್ಪಾತ್ರಿ ಅಕ್ಕೋರ" ಎಂದೆ.

"ಕಣ್ಣು ಹೋದಾಗ ನಾ ಕೂಸ್ರಿ, ಏನು ಹೋತಂತ ತಿಳೀಲಿಲ್ಲ. ಈಗ ತಿಳದೈತಿ" ಎಂದರು. ಪುಸ್ತಕ ಮುಚ್ಚಿ ಮುಂದುವರಿಸಿದರು: "ಆ ಅರಿವಿ ನನ್ನ ಕೈಗೆ ಹತ್ತಿತ್ರಿ. ಯಾರೋ ಒಣಗಾಕ ಹಾಕ್ಯಾರ ಅನ್ಕೊಂಡೆ. ನೀವು ಅದನ್ನ ಕಟ್ಟುವಾಗ ನಾ ಅಲ್ಲೇ ಪಡಸಾಲ್ಯಾಗ ಕುಂತಿದ್ದೆ. ನೀವು ಒಂದು ಮಾತು ಹೇಳಿದ್ರ ಆಗ್ತಿತ್ತಲ್ರಿ."

ಆಮೇಲೆ ಇಂಥ ಮೂರು ಉದ್ಯಾನ ಮಾಡಿದೆ. ಯಾವುದಕ್ಕೂ ಎಣ್ಣೆ ಹೊಡೆಸಲಿಲ್ಲ. ಯಾರಿಗಾಗಿ ಕೆಲಸ ಮಾಡುತ್ತೇವೋ ಅವರಿಗೆ ಮಾಡಿದ್ದನ್ನು ಬಾಯಿಬಿಟ್ಟು ಹೇಳದೆ ಮನೆಗೆ ಹೋಗಬಾರದು. ಈ ಪಾಠ ಕಲಿತವನು ನಾನು, ಬೆಲೆ ತೆತ್ತವರು ಗಂಗಮ್ಮ.